ಮನೆಯಲ್ಲೇ ನ್ಯಾಸ್ (ನೆಟ್‌ವರ್ಕ್‌ನಲ್ಲಿ ಮನೆಯವರೆಲ್ಲ ಬಳಸೋ ಸ್ಟೋರೇಜ್ ಪಿಸಿ) ಕಟ್ಟೋಕೆ ಕಡಿಮೆ ಖರ್ಚಿನ ಹಾರ್ಡ್‌ವೇರ್ ಯಾವುದು? ಅನುಭವ ಇದ್ದವರು ಹೇಳಿ

ನಿಟುವಳ್ಳಿ, ದಾವಣಗೆರೆ
ಮನೆಯವರೆಲ್ಲರ ಫೋಟೋ, ವಿಡಿಯೋ ಸೇರಿ ಒಂದೂವರೆ ಟಿಬಿ ದಾಟಿದೆ. ಜೊತೆಗೆ ಅಪ್ಪಾಜಿಯ ಅಂಗಡಿಯ ಟ್ಯಾಲಿ ಬ್ಯಾಕಪ್ ಇದೆ. ಕ್ಲೌಡ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ಸಾಕಾಗಿದೆ. ಎರಡು ಡಿಸ್ಕ್ ಮಿರರ್ (ಒಂದರಲ್ಲಿ ಇರೋದೇ ಇನ್ನೊಂದರಲ್ಲೂ) ಸಾಕು, ಸಿನಿಮಾ ಗಿನಿಮಾ ಏನೂ ಇಲ್ಲ. ಡಿಸ್ಕ್ ಸೇರಿ 25 ಸಾವಿರದೊಳಗೆ ಆಗಬೇಕು. ಹಳೇ ಆಫೀಸ್ ಪಿಸಿ, ಕಡಿಮೆ ಕರೆಂಟ್ ತಿನ್ನೋ ಇಂಟೆಲ್ ಎನ್100 ಚಿಪ್ಪಿನ ಬೋರ್ಡ್, ಅಂಗೈಯಷ್ಟಿರೋ ರಾಸ್‌ಬೆರಿ ಪೈ ಕಂಪ್ಯೂಟರ್, ಇವುಗಳಲ್ಲಿ ಯಾವುದು ತಗೊಳ್ಳಲಿ?

ವಿದ್ಯಾನಗರ, ಮದುವೆ ಸ್ಟುಡಿಯೋ
ಕಣ್ಣು ಮುಚ್ಚಿಕೊಂಡು ಹಳೇ ಆಫೀಸ್ ಟವರ್ ತಗೊಳ್ಳಿ. ನಮ್ಮದು ಮದುವೆ ಕೆಲಸ. ಸೀಸನ್‌ನಲ್ಲಿ ಒಂದೊಂದು ಮದುವೆಗೆ 200 ಜಿಬಿ ಮೇಲೆ ಬರುತ್ತೆ. ಆರನೇ ಜನರೇಶನ್ ಐ5 ಇರೋ ಟವರ್ ಬೆಂಗಳೂರು ಎಸ್.ಪಿ. ರೋಡ್‌ನಿಂದ ತರಿಸಿದೆ. ಪಿಸಿ 9,500. ಬಸ್ಸಿಗೆ ಹಾಕಿ ಕಳಿಸಿದ್ದಕ್ಕೆ 650. ಓಎಸ್‌ಗೆ ಸಣ್ಣ ಎಸ್‌ಎಸ್‌ಡಿ 1,350. ನ್ಯಾಸ್ ದರ್ಜೆಯ 4 ಟಿಬಿ ಡಿಸ್ಕ್ ಎರಡು, ತಲಾ 10,800. ಒಟ್ಟು 33,100. ಹಾಗಾಗಿ 25 ಸಾವಿರದಲ್ಲಿ ಎರಡು ಹೊಸ ಡಿಸ್ಕ್ ಹಾಕಿ ಮುಗಿಸ್ತೀನಿ ಅನ್ನೋದನ್ನ ಮರೆತುಬಿಡಿ.

ಒಂದು ಮಾತು. ಸ್ಲಿಮ್ ಕೇಸ್ ತಗೋಬೇಡಿ, ಎಷ್ಟೋ ಮಾಡೆಲ್‌ಗಳಲ್ಲಿ ದೊಡ್ಡ ಡಿಸ್ಕಿಗೆ ಒಂದೇ ಜಾಗ. ಬ್ರಾಂಡೆಡ್ ಪಿಸಿಗಳ ಪವರ್ ಕನೆಕ್ಟರ್ ಕೂಡ ಎಷ್ಟೋ ಸಲ ಮಾಮೂಲಿ 24 ಪಿನ್ ಇರಲ್ಲ. ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಹೋದರೆ ಇಲ್ಲಿನ ಅಶೋಕ ರಸ್ತೆಯೆಲ್ಲಾ ಸುತ್ತಿದರೂ ಸಿಗಲ್ಲ. ನಾನು ಮೊದಲೇ ಇನ್ನೊಂದು ತೆಗೆದಿಟ್ಟುಕೊಂಡಿದ್ದೇನೆ.

ಚಳ್ಳಕೆರೆ
ಪೈ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ನನ್ನದು ಪೈ 4, ಎರಡು ಪುಟ್ಟ ಯುಎಸ್‌ಬಿ ಡಿಸ್ಕ್. ಅಂಗಡಿಯವನು "ಆರಾಮಾಗಿ ನಡೆಯುತ್ತೆ ಸರ್" ಅಂದ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡೋದು 1.2 ಆಂಪಿಯರ್ ಮಾತ್ರ. ಎರಡು ಡಿಸ್ಕ್ ಒಟ್ಟಿಗೆ ತಿರುಗೋಕೆ ಶುರುವಾದರೆ ಅಷ್ಟು ಸಾಲಲ್ಲ. ಟಕ್ ಅಂತ ಶಬ್ದ, ಒಂದು ಡಿಸ್ಕ್ ಮಾಯ. ಮತ್ತೆ ಬರುತ್ತೆ, ಮತ್ತೆ ಹೋಗುತ್ತೆ. ಪವರ್ ಇರೋ ಹಬ್ ತಗೊಂಡೆ, 1,900. ಒರಿಜಿನಲ್ ಅಡಾಪ್ಟರ್ 850. ಆಮೇಲೆ ಎಸ್‌ಡಿ ಕಾರ್ಡ್ ಸತ್ತಿತು, ಎಸ್‌ಎಸ್‌ಡಿ ಹಾಕಿದೆ. ಕೂಡಿಸಿ ನೋಡಿದರೆ ಆ ದುಡ್ಡಿಗೆ ಮೇಲಿನವರ ಟವರ್ ಬಂದು ಮಿಗ್ತಿತ್ತು.

ಅಷ್ಟಾದರೂ ಸ್ಪೀಡ್ ಸೆಕೆಂಡಿಗೆ 11 ಎಂಬಿ. ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ 110ರ ಹತ್ತಿರ ಬರಬೇಕು, ಅಲ್ವಾ? ಪೈ ತಪ್ಪು, ಸ್ವಿಚ್ ತಪ್ಪು ಅಂತೆಲ್ಲಾ ಹುಡುಕಿ, ಕೊನೆಗೆ ಗೋಡೆಯ ಸಾಕೆಟ್ ಬಿಚ್ಚಿದೆ. ಕೇಬಲ್ ಎಳೆದವನು ಕಿತ್ತಳೆ ಜೋಡಿ, ಹಸಿರು ಜೋಡಿ ಅಷ್ಟೇ ಸಿಗಿಸಿದ್ದ. ನೀಲಿ, ಕಂದು ವೈರು ಹಾಗೇ ಸುತ್ತಿ ಒಳಗೆ ತುರುಕಿದ್ದ! ಎಂಟೂ ತಂತಿ ಕೂಡದಿದ್ದರೆ 100 ಮೆಗಾಬಿಟ್, ಅಂದರೆ ಸೆಕೆಂಡಿಗೆ ಸುಮಾರು 12 ಎಂಬಿ, ದಾಟಲ್ಲ. ಎಂಟೂ ಕ್ರಿಂಪ್ ಮಾಡಿಸಿದ ಕೂಡಲೇ ಸರಿಹೋಯಿತು.

ಪಿ.ಜೆ. ಬಡಾವಣೆ, ಲೆಕ್ಚರರ್
ಹಳೇ ಪಿಸಿ ಅನ್ನೋರು ಕರೆಂಟ್ ಬಿಲ್ ಯಾಕೆ ಹೇಳಲ್ಲ? ನಮ್ಮ ಮನೆಯಲ್ಲಿ ಮೊದಲು ಇದ್ದದ್ದು ಮೊದಲನೇ ಜನರೇಶನ್ ಐ7. ಸುಮ್ನೆ ಕೂತಾಗಲೇ 80 ವ್ಯಾಟ್, ಪ್ಲಗ್‌ಗೆ ಮೀಟರ್ ಹಾಕಿ ನೋಡಿದ್ದು. 24 ಗಂಟೆ, 30 ದಿನ ಅಂದರೆ ಸುಮಾರು 58 ಯೂನಿಟ್. ಗೃಹಜ್ಯೋತಿಯಲ್ಲಿ ನಮ್ಮ ಸರಾಸರಿ 150, ಮೇಲೆ 10 ಪರ್ಸೆಂಟ್, ಅಂದರೆ 165 ಯೂನಿಟ್ ಫ್ರೀ. 150ಕ್ಕೆ 58 ಸೇರಿ 208 ಆಯಿತು. 200 ದಾಟಿದರೆ ಹೆಚ್ಚಿನದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ನಾವೇ ಕಟ್ಟಬೇಕು. ಬೆಸ್ಕಾಂ ಬಿಲ್ ಕೈಗೆ ಬಂದಾಗ ನಮ್ಮ ಅತ್ತೆಯವರು ಆ ಪಿಸಿಯ ಪ್ಲಗ್ಗೇ ಕಿತ್ತು ಇಟ್ಟರು.

ಈಗ ಎನ್100. ಬೋರ್ಡ್ 13,200, 8 ಜಿಬಿ ರ‍್ಯಾಮ್ 1,900, ಕ್ಯಾಬಿನೆಟ್ 2,400, ಎಸ್‌ಎಂಪಿಎಸ್ 2,600. ಡಿಸ್ಕ್ ಬಿಟ್ಟು 20,100. ಡಿಸ್ಕ್ ಸಿಗಿಸೋ ಸಾಟಾ ಪೋರ್ಟ್ ಬೋರ್ಡ್‌ನಲ್ಲೇ ಎರಡು ಇವೆ. ಎರಡು ಡಿಸ್ಕ್ ತಿರುಗುವಾಗಲೂ 20 ವ್ಯಾಟ್, ತಿಂಗಳಿಗೆ 14 ಯೂನಿಟ್ ಚಿಲ್ಲರೆ. ಓಪನ್‌ಮೀಡಿಯಾವಾಲ್ಟ್ ಅನ್ನೋ ಉಚಿತ ನ್ಯಾಸ್ ಓಎಸ್ ಹಾಕಿದ್ದೇನೆ. ಬೆಡ್‌ರೂಮಿನಲ್ಲಿಟ್ಟರೂ ಸದ್ದಿಲ್ಲ.

ವಿದ್ಯಾನಗರ, ಮದುವೆ ಸ್ಟುಡಿಯೋ
ಮೇಡಂ, ಮೊದಲನೇ ಜನರೇಶನ್ ಪಿಸಿಯ ಲೆಕ್ಕ ತಂದು ನನ್ನ ತಲೆಗೆ ಕಟ್ಟಬೇಡಿ. ನನ್ನದು 38 ವ್ಯಾಟ್, ತಿಂಗಳಿಗೆ 27 ಯೂನಿಟ್. ನಿಮ್ಮದಕ್ಕಿಂತ 13 ಯೂನಿಟ್ ಜಾಸ್ತಿ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ತಿಂಗಳಿಗೆ 78 ರೂಪಾಯಿ. ಡಿಸ್ಕ್ ಬಿಟ್ಟು ನನಗೆ ಬಿದ್ದದ್ದು 11,500, ನಿಮಗೆ 20,100. ಆ 8,600 ವಾಪಸ್ ಬರೋಕೆ ಒಂಬತ್ತು ವರ್ಷ ಬೇಕು. ಅಷ್ಟು ವರ್ಷ ಆ ಬೋರ್ಡ್ ಬಾಳುತ್ತಾ?

ಪಿ.ಜೆ. ಬಡಾವಣೆ, ಲೆಕ್ಚರರ್
ನಿಮ್ಮದು ಸ್ಟುಡಿಯೋ ಸರ್, ಕಮರ್ಷಿಯಲ್ ಮೀಟರ್. ಗೃಹಜ್ಯೋತಿ ನಿಮಗೆ ಇಲ್ಲವೇ ಇಲ್ಲ. 185 ಯೂನಿಟ್ ಬರೋ ಮನೆಗೆ ನನ್ನ 14 ಸೇರಿದರೆ 199, ನಿಮ್ಮ 27 ಸೇರಿದರೆ 212. ಆಗ ವ್ಯತ್ಯಾಸ 78 ರೂಪಾಯಿ ಅಲ್ಲ, ಇಡೀ ಬಿಲ್. ಮನೆ ನಡೆಸೋರಿಗೆ ಇದು ಗೊತ್ತು.

ಹೊಸದುರ್ಗ, ಮೇಷ್ಟ್ರು
ಬೋರ್ಡಿಗೆ ಇಷ್ಟು ಜಗಳ ಯಾಕೆ? ದುಡ್ಡು ತಿನ್ನೋದು ಡಿಸ್ಕು. ನಾನು ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ 4 ಟಿಬಿ ತಗೊಂಡೆ, ತಲಾ 4,200. "ಒಂದೇ ವರ್ಷ ಓಡಿದೆ" ಅಂತ ಮಾರಿದವನ ಮಾತು. ವರ್ಷಕ್ಕೆ 8,760 ಗಂಟೆ. ಡಿಸ್ಕೇ ತನ್ನ ಆರೋಗ್ಯದ ಲೆಕ್ಕ ಕೊಡೋ ಸ್ಮಾರ್ಟ್ ವರದಿ ತೆಗೆದರೆ ಪವರ್ ಆನ್ ಅವರ್ಸ್ (ಓಡಿದ ಗಂಟೆ) 41,000 ಮೇಲೆ! ಇನ್ನೊಂದರಲ್ಲಿ ಪೆಂಡಿಂಗ್ ಸೆಕ್ಟರ್ (ಓದೋಕೆ ತೊಂದರೆ ಕೊಡೋ ಜಾಗ) ದಿನಾ ಏರ್ತಿತ್ತು. ಫೋನ್ ಮಾಡಿದರೆ ಎತ್ತಲಿಲ್ಲ. ನನ್ನ 8,400 ಹೋಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಹೊಸದರಲ್ಲೂ ಎಸ್‌ಎಂಆರ್ ಅಂತ ಒಂದು ಜಾತಿ ಇದೆ. ಡಿಸ್ಕಿನಲ್ಲಿ ಡೇಟಾ ಬರೆಯೋ ಪಟ್ಟೆಗಳು ಒಂದರ ಮೇಲೊಂದು ಸ್ವಲ್ಪ ಕೂತಿರುತ್ತವೆ. ಒಂದನ್ನ ತಿದ್ದಬೇಕಾದರೆ ಪಕ್ಕದ್ದನ್ನೂ ಮತ್ತೆ ಬರೀಬೇಕು. ದಿನದ ಕೆಲಸದಲ್ಲಿ ಗೊತ್ತಾಗಲ್ಲ. ಒಂದು ಡಿಸ್ಕ್ ಹೋಗಿ, ಹೊಸದಕ್ಕೆ ಎಲ್ಲಾ ತುಂಬಿಸುವಾಗ ದಿನಗಟ್ಟಲೆ ಎಳೆಯುತ್ತೆ. 2020ರಲ್ಲಿ ಡಬ್ಲ್ಯೂಡಿ ರೆಡ್ ಅನ್ನೋ ನ್ಯಾಸ್ ಡಿಸ್ಕುಗಳಲ್ಲೇ ಕೆಲವು ಎಸ್‌ಎಂಆರ್ ಅಂತ ಹೊರಗೆ ಬಂದು ದೊಡ್ಡ ಗಲಾಟೆ ಆಯಿತು. ಆಮೇಲೆ ಸಿಎಂಆರ್ (ಪಟ್ಟೆಗಳು ಒಂದರ ಮೇಲೊಂದು ಕೂರದ ಜಾತಿ) ಇರೋದನ್ನ ರೆಡ್ ಪ್ಲಸ್ ಅಂತ ಬೇರೆ ಮಾಡಿದರು. ಡಬ್ಬದ ಮೇಲಿನ ಹೆಸರು ನೋಡಬೇಡಿ, ಮಾಡೆಲ್ ನಂಬರ್ ನೋಡಿ.

ಮಿರರ್ ಸಾಕು ಅಂದಿದ್ದೀರಿ. ಮಿರರ್ ಬ್ಯಾಕಪ್ ಅಲ್ಲ. ನಮ್ಮ ಅಣ್ಣನ ಮಗ ಒಂದು ಫೋಲ್ಡರ್ ಅಳಿಸಿದ, ಎರಡೂ ಡಿಸ್ಕಿನಲ್ಲಿ ಒಟ್ಟಿಗೇ ಹೋಯಿತು.

ವಿದ್ಯಾನಗರ, ಮದುವೆ ಸ್ಟುಡಿಯೋ
ಮೇಷ್ಟ್ರೇ, ಅದಕ್ಕೇ ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್‌ನಲ್ಲಿ ಸ್ನ್ಯಾಪ್‌ಶಾಟ್ ಇರೋದು, ಅಳಿಸಿದ್ದನ್ನ ಹಿಂದಿನ ಸ್ಥಿತಿಗೆ ತರಬಹುದು. ನಾನು ಹಾಕಿರೋ ಟ್ರೂನ್ಯಾಸ್ ಅನ್ನೋ ಓಎಸ್‌ನಲ್ಲಿ ಒಮ್ಮೆ ಸೆಟ್ ಮಾಡಿಟ್ಟರೆ ದಿನಾ ರಾತ್ರಿ ತಾನೇ ಆಗುತ್ತೆ.

ಹೊಸದುರ್ಗ, ಮೇಷ್ಟ್ರು
ಸ್ನ್ಯಾಪ್‌ಶಾಟ್ ಇರೋದೂ ಅದೇ ಡಿಸ್ಕಿನಲ್ಲಿ. ಕಳ್ಳ ಪಿಸಿನೇ ಹೊತ್ತುಕೊಂಡು ಹೋದರೆ? ಸಿಡಿಲು ಹೊಡೆದರೆ? ಬೇರೆಯವರ ಮದುವೆ ಫೋಟೋ ಇಟ್ಟುಕೊಂಡು ಹೀಗೆ ಹೇಳ್ತೀರಲ್ಲ.

ವಿದ್ಯಾನಗರ, ಮದುವೆ ಸ್ಟುಡಿಯೋ
ನನ್ನ ಇನ್ನೊಂದು ಕಾಪಿ ಹರಿಹರದ ತಂಗಿ ಮನೆಯಲ್ಲಿದೆ. ಗೊತ್ತಿಲ್ಲದೆ ಮಾತಾಡಬೇಡಿ.

ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ
ನಾನು ಎಲೆಕ್ಟ್ರಿಷಿಯನ್. ಸಿಡಿಲಿನ ಮಾತು ಬಂತಲ್ಲ, ಅರ್ಥಿಂಗ್ ಬಗ್ಗೆ ಯಾರೂ ಕೇಳಲ್ಲ. ಮೂರು ಪಿನ್ ಪ್ಲಗ್ ಇದ್ದ ಮಾತ್ರಕ್ಕೆ ಅರ್ಥ್ ಇದೆ ಅಂತಲ್ಲ. ಪಿಸಿ ಕೇಸ್ ಮುಟ್ಟಿದರೆ ಜುಮ್ ಅಂದರೆ ಮೊದಲು ಅದನ್ನ ಸರಿ ಮಾಡಿಸಿ.

ಮನೆಯಲ್ಲಿ ಇನ್ವರ್ಟರ್ ಇದೆ, ಯುಪಿಎಸ್ ಬೇಡ ಅಂತಾರೆ. ಎಷ್ಟೋ ಇನ್ವರ್ಟರ್‌ಗಳ ಮೇಲೆ ಒಂದು ಸ್ವಿಚ್ ಇರುತ್ತೆ, ಒಂದು ಕಡೆ ನಾರ್ಮಲ್, ಇನ್ನೊಂದು ಕಡೆ ಯುಪಿಎಸ್. ನಾರ್ಮಲ್‌ನಲ್ಲಿದ್ದರೆ ಕರೆಂಟ್ ಹೋದಾಗ ಬದಲಾಗೋದು ನಿಧಾನ. ಫ್ಯಾನಿಗೆ ಗೊತ್ತಾಗಲ್ಲ, ಪಿಸಿ ರೀಸ್ಟಾರ್ಟ್ ಆಗುತ್ತೆ. ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರೋ ಕಡೆ ಡಿಸ್ಕಿನ ಗತಿ ಏನು? ನಮ್ಮ ಮನೆಯಲ್ಲಿ ಆ ಸ್ವಿಚ್ ತಳ್ಳಿದ್ದಕ್ಕೆ ಸರಿಹೋಯಿತು. ಆದರೂ ಯುಎಸ್‌ಬಿ ಪೋರ್ಟ್ ಇರೋ ಯುಪಿಎಸ್ ಬೇರೆ ತಗೊಂಡೆ, 5,800. ಬ್ಯಾಟರಿ ಮುಗಿಯೋಕೆ ಬಂದರೆ ನ್ಯಾಸ್ ತಾನೇ ಆಫ್ ಆಗುತ್ತೆ. ಅಗ್ಗದವಕ್ಕೆ ಆ ಪೋರ್ಟ್ ಇರಲ್ಲ, ನೋಡಿ ತಗೊಳ್ಳಿ.

ಮತ್ತೆ, ಮೋಲೆಕ್ಸ್ ಅನ್ನೋ ಹಳೇ ಪವರ್ ಕನೆಕ್ಟರ್‌ನಿಂದ ಡಿಸ್ಕಿನ ಸಾಟಾಗೆ ಬದಲಾಯಿಸೋ 60 ರೂಪಾಯಿ ವೈರು ಹಾಕಬೇಡಿ. ಪ್ಲಾಸ್ಟಿಕ್ ಎರಕ ಹೊಯ್ದಂತೆ ಒಂದೇ ಗಟ್ಟಿಯಾಗಿರುತ್ತಲ್ಲ, ಅದು. ಒಳಗೆ 12 ವೋಲ್ಟ್‌ನ ಹಳದಿ, 5 ವೋಲ್ಟ್‌ನ ಕೆಂಪು ತಂತಿ ಒತ್ತೊತ್ತಾಗಿ ಕೂತಿರುತ್ತವೆ. ಕಾಯ್ದರೆ ಒಂದಕ್ಕೊಂದು ತಾಗಿ ಹೊತ್ತಿಕೊಳ್ಳುತ್ತೆ. ನಮ್ಮಲ್ಲಿ ಕನೆಕ್ಟರ್ ಕಪ್ಪಗಾಗಿ ಡಿಸ್ಕಿನ ಬಾಯಿಗೆ ಅಂಟಿಕೊಂಡಿತ್ತು. ಚಾಕು ಹಾಕಿ ಎಬ್ಬಿಸಬೇಕಾಯಿತು. ಡಿಸ್ಕ್ 9,900ದ್ದು.

ಚಳ್ಳಕೆರೆ
ಅಣ್ಣಾ, ಆ ಯುಪಿಎಸ್ ಕೊಡೋದು ಲೈನ್ ಕರೆಂಟಿನ ಹಾಗೆ ನಯವಾದ ಅಲೆ, ಅಂದರೆ ಶುದ್ಧ ಸೈನ್ ವೇವ್ ಅಲ್ಲ. ಡಿಸ್ಕ್ ಹಾಳಾಗುತ್ತೆ.

ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ
ಡಿಸ್ಕಿಗೆ ಹೋಗೋದು ಎಸ್‌ಎಂಪಿಎಸ್ ಕೊಡೋ ಡಿಸಿ ತಮ್ಮಾ. ವೇವ್ ಹೆಂಗಿದೆ ಅಂತ ಡಿಸ್ಕಿಗೆ ಹೇಗೆ ಗೊತ್ತಾಗಬೇಕು? ಕೆಲವು ಎಸ್‌ಎಂಪಿಎಸ್ ಮಾತ್ರ ತಕರಾರು ಮಾಡುತ್ತವೆ, ಅದೂ ದುಬಾರಿಯವು. ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೇನೆ, ಯೂಟ್ಯೂಬ್ ನೋಡಿ ಹೇಳ್ತಿಲ್ಲ.

ಮಂಡಕ್ಕಿ ಭಟ್ಟಿ ಹತ್ತಿರ, ದಾವಣಗೆರೆ
ಧೂಳಿನ ಬಗ್ಗೆಯೂ ಯೋಚಿಸಿ. ನಮ್ಮ ಕಡೆ ಭಟ್ಟಿಗಳ ಮಸಿ ಕಿಟಕಿ ಮುಚ್ಚಿದರೂ ಒಳಗೆ ಬರುತ್ತೆ. ಫ್ಯಾನಿನ ರೆಕ್ಕೆ ಮೇಲೆ ಎಣ್ಣೆ ಬೆರೆತ ಹಾಗೆ ಕರ‍್ರಗೆ ಅಂಟಿರುತ್ತೆ, ಊದಿದರೆ ಹೋಗಲ್ಲ, ಬಟ್ಟೆಯಲ್ಲಿ ಒರೆಸಬೇಕು. ಏಪ್ರಿಲ್‌ನಲ್ಲಿ ಡಿಸ್ಕ್ 54 ಡಿಗ್ರಿ ತೋರಿಸಿತ್ತು. ಮುಂದೆ 120 ಎಂಎಂ ಫ್ಯಾನ್, ಅದಕ್ಕೆ ತೆಳು ಜಾಲರಿ ಹಾಕಿದ ಮೇಲೆ 43. ಫ್ಯಾನ್ 480, ಜಾಲರಿ 90. ಅಟ್ಟದ ಮೇಲೆ ಮಾತ್ರ ಇಡಬೇಡಿ.

ನಿಟುವಳ್ಳಿ, ದಾವಣಗೆರೆ
ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಮನೆ ಬಿಲ್ ತೆಗೆದು ನೋಡಿದೆ, 120 ಯೂನಿಟ್‌ನ ಆಸುಪಾಸು. ಹಾಗಾದರೆ ಹಳೇ ಟವರ್ ತಗೊಂಡು, ಈಗ ಒಂದೇ ಹೊಸ ಡಿಸ್ಕ್ ಹಾಕಿ, ದೀಪಾವಳಿಗೆ ಇನ್ನೊಂದು ಸೇರಿಸಿದರೆ ನಡೆಯುತ್ತಾ?

ವಿದ್ಯಾನಗರ, ಮದುವೆ ಸ್ಟುಡಿಯೋ
ಧಾರಾಳವಾಗಿ. ಝಡ್‌ಎಫ್‌ಎಸ್‌ನಲ್ಲಿ ಒಂದೇ ಡಿಸ್ಕಿಗೆ ಆಮೇಲೆ ಮಿರರ್ ಜೋಡಿಸಬಹುದು, ಇದ್ದ ಡೇಟಾ ಅಳಿಸಬೇಕಿಲ್ಲ. ಎರಡನೇದು ಮೊದಲನೇದಕ್ಕಿಂತ ಚಿಕ್ಕದಿರಬಾರದು ಅಷ್ಟೇ.

ಹೊಸದುರ್ಗ, ಮೇಷ್ಟ್ರು
ದೀಪಾವಳಿವರೆಗೆ ಫೋನಿನಿಂದ ಏನೂ ಅಳಿಸಬೇಡಿ. ಟ್ಯಾಲಿ ಬ್ಯಾಕಪ್ ಒಂದು ಪೆನ್‌ಡ್ರೈವ್‌ನಲ್ಲಿ ಅಂಗಡಿಯಲ್ಲೇ ಇರಲಿ. ಸ್ಟುಡಿಯೋದವರು ಏನೇ ಹೇಳಲಿ.

ಪಿ.ಜೆ. ಬಡಾವಣೆ, ಲೆಕ್ಚರರ್
120 ಇರೋದು ಈಗ. ಬೇಸಿಗೆಯಲ್ಲಿ ಕೂಲರ್ ಹಾಕಿದ ತಿಂಗಳಿನ ಬಿಲ್ ಹುಡುಕಿ ನೋಡಿ, ಆಮೇಲೆ ಟವರ್‌ಗೆ ದುಡ್ಡು ಕಳಿಸಿ.