ಸಿಬಿಡಿ ಹಿಡಿಯುವುದು ಯಾವ ಸಕ್ಕರೆಯನ್ನು? ಎಚ್‌ಎಫ್ ಹಾಕಿದ ಭಿತ್ತಿಗೆ ಯಾವುದೂ ಅಂಟುತ್ತಿಲ್ಲ

ಪ್ರಶ್ನೆ

ಲಿಸ್ಟೀರಿಯಾ ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್‌ಗಳ (ಫೇಜ್) ಭಿತ್ತಿ ಒಡೆಯುವ ಕಿಣ್ವಗಳಾದ (ಎಂಡೊಲೈಸಿನ್) ಪಿಎಲ್‌ವೈ500 ಮತ್ತು ಪಿಎಲ್‌ವೈ118ರಿಂದ ಕೋಶಭಿತ್ತಿಗೆ ಅಂಟುವ ಸಿ-ತುದಿಯ ಭಾಗವನ್ನಷ್ಟೇ (ಸಿಬಿಡಿ) ತೆಗೆದು ಹಸಿರಾಗಿ ಹೊಳೆಯುವ ಪ್ರೋಟೀನ್ ಜಿಎಫ್‌ಪಿಗೆ ಬೆಸೆದಿದ್ದೇನೆ. ಸಿಬಿಡಿ500 ಹಾಕಿದರೆ 4ಬಿ ಸೀರೋವಾರ್‌ನ (ಲಿಸ್ಟೀರಿಯಾದ ಒಂದು ಉಪಬಗೆ) ಕೋಶಗಳು ಮೈತುಂಬ ಒಂದೇ ಸಮನೆ ಹೊಳೆಯುತ್ತವೆ. ಸಿಬಿಡಿ118 ಮಾತ್ರ 1/2ಎ ಕೋಶಗಳ ಎರಡು ತುದಿಗಳಲ್ಲಿ, ನಡುವಿನ ವಿಭಜನೆಯ ಅಡ್ಡಗೋಡೆಯಲ್ಲಿ ಅಷ್ಟೇ ಕಾಣುತ್ತದೆ. ಭಿತ್ತಿಯಲ್ಲಿರುವ ಸಕ್ಕರೆಯಾದ ಎನ್-ಅಸಿಟೈಲ್ ಗ್ಲುಕೋಸಮೈನ್ ಅನ್ನು ಬಿಡಿಯಾಗಿ 20 ಮಿಲಿಮೋಲಾರ್ ಸೇರಿಸಿದರೂ ಎರಡೂ ಬಿಡಲಿಲ್ಲ. ಆಮೇಲೆ ಎರಡೂ ಸೀರೋವಾರ್‌ಗಳ ಭಿತ್ತಿಯನ್ನು ಬೇರ್ಪಡಿಸಿ, ಎಚ್‌ಎಫ್‌ನಿಂದ (ಹೈಡ್ರೋಫ್ಲೋರಿಕ್ ಆಮ್ಲ) ಟೀಕೋಯಿಕ್ ಆಮ್ಲ (ಭಿತ್ತಿಗೆ ಅಂಟಿದ, ಫಾಸ್ಫೇಟ್ ಮತ್ತು ಸಕ್ಕರೆಗಳಿರುವ ಸರಪಳಿ) ಕಳಚಿ ನೋಡಿದೆ. ಗಸಿಯಲ್ಲಿ ಎರಡರ ಹೊಳಪೂ ಇಲ್ಲ. ಹಾಗಾದರೆ ಎರಡೂ ಟೀಕೋಯಿಕ್ ಆಮ್ಲವನ್ನೇ ಹಿಡಿಯುತ್ತವೆ, ಆದರೆ ಸಕ್ಕರೆಯನ್ನಲ್ಲ ಎಂದು ಬರೆಯಬಹುದೇ?

ಉತ್ತರ 1

ಎರಡು ಮಾತನ್ನೂ ಈಗಲೇ ಬರೆಯಬೇಡಿ. ಮೊದಲು ಸಕ್ಕರೆಯ ವಿಷಯ.

ಬಿಡಿ ಸಕ್ಕರೆ ಹಾಕಿದಾಗ ಬಿಡಲಿಲ್ಲ ಎಂಬುದರಿಂದ ಏನೂ ತೀರ್ಮಾನವಾಗದು. ಸಕ್ಕರೆ ಹಿಡಿಯುವ ಇಂಥ ಪ್ರೋಟೀನ್‌ಗಳಲ್ಲಿ ಆಳವಾದ ಗುಳಿ ಇರುವುದು ಕಡಿಮೆ. ಇರುವುದು ಆಳವಿಲ್ಲದ ಕಾಲುವೆ. ಟ್ರಿಪ್ಟೊಫಾನ್, ಟೈರೋಸಿನ್‌ಗಳ ಚಪ್ಪಟೆ ಉಂಗುರ ಸಕ್ಕರೆಯ ನೀರೊಲ್ಲದ ಮುಖಕ್ಕೆ ಒತ್ತಿಕೊಂಡು ನಿಲ್ಲುತ್ತದೆ, ಅಂಚಿನ ಹೈಡ್ರಾಕ್ಸಿಲ್ ಮತ್ತು ಅಸಿಟೈಲ್ ಗುಂಪುಗಳನ್ನು ಹೈಡ್ರೋಜನ್ ಬಂಧಗಳು ಗುರುತಿಸುತ್ತವೆ. ಒಂದೊಂದೇ ಉಂಗುರದ ಹಿಡಿತ ತೀರಾ ಸಡಿಲ. ಭಿತ್ತಿಯ ಮೇಲೆ ಅದೇ ಗುರುತು ಒತ್ತೊತ್ತಾಗಿ ಸಾಲುಗಟ್ಟಿರುವುದರಿಂದ ಒಂದು ಕಡೆ ಕಳಚಿದ ಪ್ರೋಟೀನ್ ಪಕ್ಕದಲ್ಲೇ ಮತ್ತೆ ಕೂರುತ್ತದೆ. ಇಡೀ ಕೋಶದ ಮೇಲೆ ಅಳೆದಾಗ ನ್ಯಾನೊಮೋಲಾರ್ ಬಿಗಿತ ಕಾಣುವ ಸಿಬಿಡಿಯನ್ನು ಬಿಡಿ ಸಕ್ಕರೆ ಎಬ್ಬಿಸದಿದ್ದರೆ ಆಶ್ಚರ್ಯವಿಲ್ಲ. ಸ್ಪರ್ಧೆಗೆ ಇಡಬೇಕಾದದ್ದು ಶುದ್ಧೀಕರಿಸಿದ ಟೀಕೋಯಿಕ್ ಆಮ್ಲದ ಸರಪಳಿಯನ್ನು.

ಇನ್ನೊಂದು: 4ಬಿಯಲ್ಲಿ ಎನ್-ಅಸಿಟೈಲ್ ಗ್ಲುಕೋಸಮೈನ್ ಪಕ್ಕಕ್ಕೆ ನೇತಾಡುವ ಸಕ್ಕರೆಯಲ್ಲ, ಸರಪಳಿಯ ಬೆನ್ನೆಲುಬಿನಲ್ಲೇ ಸೇರಿಕೊಂಡಿದೆ. ಅದರ ಮೇಲೆ ಓ-ಅಸಿಟೈಲ್ ಗುಂಪು ಇದ್ದರೇನೇ ಸಿಬಿಡಿ500 ಸರಿಯಾಗಿ ಹಿಡಿಯುವುದು. ಬಾಟಲಿಯ ಸಕ್ಕರೆಯಲ್ಲಿ ಸಾರಜನಕದ ಮೇಲಿನ ಅಸಿಟೈಲ್ ಇದೆ, ಆಮ್ಲಜನಕದ ಮೇಲಿನದು ಇಲ್ಲ. ನೀವು ಹಾಕಿದ್ದು ಅದರ ಗುರುತೇ ಅಲ್ಲ.

ಪರೀಕ್ಷಿಸಲು, ಎಚ್‌ಎಫ್ ಹಾಕದ 4ಬಿ ಭಿತ್ತಿಯನ್ನು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕೊಠಡಿಯ ತಾಪದಲ್ಲಿ 1 ಗಂಟೆ ಇಟ್ಟು, ತಟಸ್ಥಗೊಳಿಸಿ, ತೊಳೆದು ನೋಡಿ. ಕ್ಷಾರದಲ್ಲಿ ಓ-ಅಸಿಟೈಲ್ ಜೊತೆಗೆ ಸರಪಳಿಗೆ ಅಂಟಿದ ಡಿ-ಅಲನೀನ್ ಎಸ್ಟರ್ ಕೂಡ ಉದುರುವುದರಿಂದ ಪಿಎಚ್ 8.5ರಲ್ಲಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟ ಇನ್ನೊಂದು ಮಾದರಿ ಜೊತೆಗಿರಲಿ. ಅಲ್ಲಿ ಡಿ-ಅಲನೀನ್ ಬಹುಪಾಲು ಹೋಗುತ್ತದೆ, ಓ-ಅಸಿಟೈಲ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅಕ್ಕಪಕ್ಕದ ಹೈಡ್ರಾಕ್ಸಿಲ್‌ಗಳ ನಡುವೆ ಕತ್ತರಿಸುವ ಪರಅಯೊಡೇಟ್ ಬಳಸುವ ಯೋಚನೆ ಇದ್ದರೆ ಬಿಟ್ಟುಬಿಡಿ: ಸರಪಳಿಯ ಇನ್ನೊಂದು ಕೊಂಡಿಯಾದ ರಿಬಿಟಾಲ್‌ನಲ್ಲೂ ಅಕ್ಕಪಕ್ಕದ ಹೈಡ್ರಾಕ್ಸಿಲ್‌ಗಳು ಇರಬಹುದು, ಆಗ ಸರಪಳಿಯೇ ತುಂಡಾಗುತ್ತದೆ. ಹೋದದ್ದು ಸಕ್ಕರೆಯೋ ಸರಪಳಿಯೋ ತಿಳಿಯದು.

ಉತ್ತರ 2

ನನಗೆ ಅನುಮಾನ ಹುಟ್ಟಿಸುವುದು 118ರ ಫಲಿತಾಂಶ. ಅದು ಹಿಡಿಯುವುದು ಟೀಕೋಯಿಕ್ ಆಮ್ಲವನ್ನಲ್ಲ, ಕೆಳಗಿನ ಪೆಪ್ಟಿಡೋಗ್ಲೈಕಾನ್ ಅನ್ನು, ಅಂದರೆ ಭಿತ್ತಿಯ ಮೂಲ ಬಲೆಯನ್ನು. ಟೀಕೋಯಿಕ್ ಆಮ್ಲದ ದಟ್ಟಣೆ ಅದಕ್ಕೆ ಅಡ್ಡ ನಿಲ್ಲುತ್ತದೆ. ತುದಿ ಮತ್ತು ಅಡ್ಡಗೋಡೆಯಲ್ಲಷ್ಟೇ ದಾರಿ ಸಿಗುತ್ತದೆ. ಆದ್ದರಿಂದ ಆ ಚಿತ್ರ ಸರಿಯಾಗಿಯೇ ಇದೆ, ಪ್ರೋಟೀನ್ ಕೆಟ್ಟಿಲ್ಲ. ಆದರೆ ಟೀಕೋಯಿಕ್ ಆಮ್ಲ ಕಳಚಿದ ಮೇಲೆ 118ರ ಅಂಟು ಹೆಚ್ಚಬೇಕಿತ್ತು. ಸೊನ್ನೆಯಾಗಿದೆ ಎಂದರೆ ತಪ್ಪು ಭಿತ್ತಿಯ ತಯಾರಿಯಲ್ಲಿದೆ.

ಹೆಚ್ಚಾಗಿ ಕೆಡುವುದು ಎರಡು ಕಡೆ. ಮೊದಲನೆಯದು ಭಿತ್ತಿ ಶುಚಿಮಾಡಲು ಬಳಸುವ ಮಾರ್ಜಕ ಎಸ್‌ಡಿಎಸ್. 4 ಶೇಕಡಾ ಎಸ್‌ಡಿಎಸ್‌ನಲ್ಲಿ 30 ನಿಮಿಷ ಕುದಿಸಿದ ಭಿತ್ತಿಯನ್ನು 60 ಡಿಗ್ರಿಯ ನೀರಿನಲ್ಲಿ ಕನಿಷ್ಠ 5–6 ಸಲ ತೊಳೆಯಬೇಕು. ತಣ್ಣೀರು ಬೇಡ. ಕೊನೆಯ ತೊಳೆ ನೀರಿಗೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ಮಂಜುಗಡ್ಡೆಯ ಮೇಲಿಡಿ. ಬಿಳಿ ಚೂರುಗಳು ಕೂಡಿಕೊಂಡರೆ ಎಸ್‌ಡಿಎಸ್ ಇನ್ನೂ ಇದೆ, ಸಿಬಿಡಿಯ ಮಡಿಕೆ ಅದರಲ್ಲಿ ಬಿಚ್ಚಿಹೋಗುತ್ತದೆ. ಎರಡನೆಯದು ಉಳಿದ ಆಮ್ಲ. 48 ಶೇಕಡಾ ಎಚ್‌ಎಫ್‌ನಲ್ಲಿ 4 ಡಿಗ್ರಿಗೆ 48 ಗಂಟೆ ಇಟ್ಟ ಗಸಿಯೊಳಗಿನ ಆಮ್ಲ ಒಂದೆರಡು ತೊಳೆತಕ್ಕೆ ಹೋಗುವುದಿಲ್ಲ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಸಾಮಾನ್ಯ ಜಿಎಫ್‌ಪಿ ಮಂಕಾಗುತ್ತದೆ, 5ರ ಹತ್ತಿರ ಬಹುತೇಕ ಆರಿಹೋಗುತ್ತದೆ. ಅಂಟಿಕೊಂಡಿದ್ದರೂ ಕಾಣುವುದಿಲ್ಲ!

ಗಸಿಯ ಹೊಳಪಿನ ಜೊತೆ ಮೇಲಿನ ದ್ರವದ ಹೊಳಪನ್ನೂ ಅಳೆಯಿರಿ. ಅಂಟದ ಪ್ರೋಟೀನ್ ಮೇಲೆ ಉಳಿದಿರಬೇಕಲ್ಲವೇ? ಎರಡೂ ಕಡೆ ಇಲ್ಲದಿದ್ದರೆ ಹೋದದ್ದು ಹೊಳಪು, ಅಂಟಲ್ಲ.

ಎಚ್‌ಎಫ್ ಗಾಜನ್ನು ತಿನ್ನುತ್ತದೆ, ಪಾಲಿಪ್ರೊಪಿಲೀನ್ ಕೊಳವೆ ಮಾತ್ರ ಬಳಸಿ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟಕುವಂತಿರಲಿ. ಚರ್ಮಕ್ಕೆ ತಾಗಿದರೆ ನೋವು ತಡವಾಗಿ ಶುರುವಾಗಬಹುದು, ಅಷ್ಟರಲ್ಲಿ ಒಳಕ್ಕಿಳಿದಿರುತ್ತದೆ.

ಪ್ರಶ್ನೆ ಕೇಳಿದವರು

ಅಳೆದೆ. ಗಸಿಯಲ್ಲೂ ಇಲ್ಲ, ಮೇಲಿನ ದ್ರವದಲ್ಲೂ ಇಲ್ಲ. ಪಿಎಚ್ ಕಾಗದ 5 ತೋರಿಸಿತು. ಪೊಟ್ಯಾಸಿಯಂ ಪರೀಕ್ಷೆಯಲ್ಲಿ ಚೂರು ಬರಲಿಲ್ಲ. ಭಿತ್ತಿಯನ್ನು ಮತ್ತೆ ಮೊದಲಿನಿಂದ ಮಾಡಬೇಕೇ?

ಉತ್ತರ 2

ಬೇಡ. 100 ಮಿಲಿಮೋಲಾರ್ ಟ್ರಿಸ್, ಪಿಎಚ್ 7.5ರಲ್ಲಿ ಎರಡು ಸಲ, ಆಮೇಲೆ ನೀರಿನಲ್ಲಿ ತೊಳೆದು ಪಿಎಚ್ 7ಕ್ಕೆ ಬರಿಸಿ. ಕಳಚಿದ ಭಿತ್ತಿ ಹಗುರ, ಗಸಿ ಸಡಿಲವಾಗಿ ಕೂರುತ್ತದೆ. ದ್ರವ ಬಗ್ಗಿಸುವಾಗ ಅದೂ ಹೋಗಿಬಿಡುತ್ತದೆ. 20,000 ಜಿ ಬಲದಲ್ಲಿ ತಿರುಗಿಸಿ, ದ್ರವವನ್ನು ಪಿಪೆಟ್‌ನಲ್ಲೇ ತೆಗೆಯಿರಿ. ಕಳಚಿದ್ದು, ಕಳಚದ್ದು ಎರಡನ್ನೂ ಒಣತೂಕದಲ್ಲಿ ಸಮ ಮಾಡಿಕೊಳ್ಳಿ. ಟೀಕೋಯಿಕ್ ಆಮ್ಲ ನಿಜಕ್ಕೂ ಹೋಗಿದೆಯೇ ಎಂಬುದಕ್ಕೆ ರಂಜಕದ ಅಳತೆ, ಪೆಪ್ಟಿಡೋಗ್ಲೈಕಾನ್ ಉಳಿದಿದೆಯೇ ಎಂಬುದಕ್ಕೆ ಅದನ್ನು ಕತ್ತರಿಸುವ ಕಿಣ್ವ ಮ್ಯುಟನೊಲೈಸಿನ್ ಹಾಕಿದಾಗ ಮಬ್ಬು ಇಳಿಯುವುದು, ಎರಡೂ ಬೇಕು.

ಉತ್ತರ 3

ಮರುಪ್ರಯೋಗದಲ್ಲಿ ಬರೀ ಜಿಎಫ್‌ಪಿಯ ಒಂದು ಕೊಳವೆ ಕಡ್ಡಾಯ. ಪ್ರೋಟೀನ್ 1 ಮೈಕ್ರೋಮೋಲಾರ್, 10 ನಿಮಿಷ, ಆಮೇಲೆ 0.1 ಶೇಕಡಾ ಟ್ವೀನ್ 20 ಇರುವ ಬಫರ್‌ನಲ್ಲಿ ಎರಡು ತೊಳೆತ. ಇಡೀ ಕೋಶಗಳ ಮೇಲೆ 150 ಮತ್ತು 500 ಮಿಲಿಮೋಲಾರ್ ಉಪ್ಪು ಎರಡರಲ್ಲೂ ನೋಡಿ: ಟೀಕೋಯಿಕ್ ಆಮ್ಲದ ಫಾಸ್ಫೇಟ್‌ಗಳು ಋಣಾವೇಶದವು, ಧನಾವೇಶದ ಯಾವ ಪ್ರೋಟೀನೂ ಅವಕ್ಕೆ ಸುಮ್ಮನೆ ಅಂಟಿಕೊಳ್ಳಬಹುದು. 500ರಲ್ಲೂ ನಿಂತ ಹಿಡಿತದ ಬಗ್ಗೆಯಷ್ಟೇ ಸಕ್ಕರೆಯ ಮಾತಾಡಿ.

ಎಸ್‌ಪಿಆರ್ (ಅಂಟುವಿಕೆಯನ್ನು ಬೆಳಕಿನಿಂದ ಅಳೆಯುವ ವಿಧಾನ) ಚಿಪ್‌ಗೆ ಕೋಶಗಳನ್ನೇ ಕೂರಿಸಿ ಅಳೆದರೆ ಸಿಗುವುದು ಸಾಲುಹಿಡಿತದ ಒಟ್ಟು ಬಿಗಿತ. ಒಂದು ತಾಣದ ಸಂಖ್ಯೆ ಬೇಕಿದ್ದರೆ ಸರಪಳಿಯ ಚಿಕ್ಕ ತುಂಡುಗಳನ್ನು ದ್ರಾವಣದಲ್ಲಿಟ್ಟು ಐಟಿಸಿಯಲ್ಲಿ (ಅಂಟುವಾಗಿನ ಶಾಖ ಅಳೆಯುವ ವಿಧಾನ) ಅಳೆಯಿರಿ, ಮತ್ತು ಎರಡು ಸಂಖ್ಯೆಗಳನ್ನು ಒಂದೇ ಕೋಷ್ಟಕದ ಒಂದೇ ಕಾಲಮ್ಮಿನಲ್ಲಿ ಹಾಕಬೇಡಿ.