ಹದಿಹರೆಯದ ಮಕ್ಕಳಿಗೆ ಬ್ಯಾಗಿನ ಜಾಹೀರಾತು: ಇನ್‌ಸ್ಟಾಗ್ರಾಂ ಸರಿಯಾದ ದಾರಿಯೇ?

ಪ್ರಶ್ನೆ – ಅಂಗಡಿ ಮಾಲೀಕ, ದಾವಣಗೆರೆ

ನಮ್ಮದು ಶಾಲಾ ಬ್ಯಾಗು, ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸ್ ಮಾರುವ ಅಂಗಡಿ. ಚಿಕ್ಕ ಮಕ್ಕಳ ತಂದೆತಾಯಿಯರು ಈಗಲೂ ನಮ್ಮಲ್ಲಿಗೇ ಬರುತ್ತಾರೆ. ಆದರೆ ಎಂಟನೆಯ ತರಗತಿಯಿಂದ ದ್ವಿತೀಯ ಪಿಯುವರೆಗಿನ ಮಕ್ಕಳು ಮೊಬೈಲಿನಲ್ಲಿ ತಾವೇ ನೋಡಿ ಆರಿಸಿದ ಬ್ಯಾಗನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳುತ್ತಿದ್ದಾರೆ. ಜೂನ್ ತಿಂಗಳ ವ್ಯಾಪಾರಕ್ಕೆ ಮುನ್ನ ಅವರ ಆಸಕ್ತಿಗಳನ್ನು ಗುರುತಿಸಿ ಇನ್‌ಸ್ಟಾಗ್ರಾಂನಲ್ಲಿ ನೇರವಾಗಿ ಅವರಿಗೇ ಜಾಹೀರಾತು ಕೊಡಬೇಕೆಂದಿದ್ದೇನೆ. ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ – ಜಾಹೀರಾತು ಕ್ಷೇತ್ರದವರು, ಬೆಂಗಳೂರು

ಸರ್, 18 ತುಂಬದವರ ಮಟ್ಟಿಗೆ ಆ ದಾರಿ ಬಹುಪಾಲು ಮುಚ್ಚಿದೆ. 2023ರ ಫೆಬ್ರವರಿಯಿಂದ ಇನ್‌ಸ್ಟಾಗ್ರಾಂನ ಒಡೆತನದ ಮೆಟಾ ಕಂಪನಿಯು ಈ ವಯಸ್ಸಿನವರಿಗೆ ಜಾಹೀರಾತು ಕೊಡುವಾಗ ವಯಸ್ಸು ಮತ್ತು ಸ್ಥಳವನ್ನಷ್ಟೇ ಆರಿಸಲು ಬಿಡುತ್ತದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೆಯ ಸೆಕ್ಷನ್ ಮಕ್ಕಳ ನಡವಳಿಕೆಯನ್ನು ಹಿಂಬಾಲಿಸುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ಕೊಡುವುದನ್ನೂ ನಿಷೇಧಿಸುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಲಕ್ಕಿ ಡ್ರಾ ಹೆಸರಿನಲ್ಲಿ ಮಕ್ಕಳ ಮೊಬೈಲ್ ನಂಬರು ಸಂಗ್ರಹಿಸುವ ಯೋಚನೆಯಿದ್ದರೆ ಅದನ್ನೂ ಕೈಬಿಡುವುದು ಒಳ್ಳೆಯದು. ನಿಮ್ಮ ಜಾಹೀರಾತನ್ನು ಊರಿನ ಪೋಷಕರಿಗೆ ತೋರಿಸಿ.

ಉತ್ತರ – ಪ್ರೌಢಶಾಲಾ ಶಿಕ್ಷಕಿ, ಧಾರವಾಡ

ಮೇಲಿನವರ ಮಾತು ಸರಿ, ಆದರೆ ಪೋಷಕರಿಗಷ್ಟೇ ಹೇಳಿದರೆ ಸಾಲದು. ಈ ವಯಸ್ಸಿನಲ್ಲಿ ಹಣ ಕೊಡುವವರು ಅಪ್ಪ ಅಮ್ಮ, ಆರಿಸುವವರು ಮಕ್ಕಳು. ನಾನು ನೋಡಿದಂತೆ, ಒಂಬತ್ತನೆಯ ತರಗತಿಗೆ ಬಂದ ಹುಡುಗ ಕಾರ್ಟೂನ್ ಚಿತ್ರವಿರುವ ಬ್ಯಾಗನ್ನು ಮುಟ್ಟುವುದೂ ಇಲ್ಲ, ಏಕೆಂದರೆ ತಾನು ಚಿಕ್ಕವನಂತೆ ಕಾಣಬಾರದೆಂಬುದೇ ಅವನ ದೊಡ್ಡ ಚಿಂತೆ. ಅವರ ಬ್ಯಾಗುಗಳಿಗೆ ಅಂಗಡಿಯಲ್ಲಿ ಬೇರೆಯೇ ಜಾಗ ಮಾಡಿ, ಬೆಲೆಯನ್ನು ಎದ್ದು ಕಾಣುವಂತೆ ಬರೆಯಿರಿ, ಹೆಗಲಿಗೆ ಹಾಕಿ ಕನ್ನಡಿಯಲ್ಲಿ ನೋಡಿಕೊಳ್ಳಲು ಬಿಡಿ. ಮೊಬೈಲಿನಲ್ಲಿ ಸಿಗದ ಅನುಕೂಲ ಅದೇ. ಜಿಪ್ ಕಿತ್ತುಹೋದರೆ ಸರಿಮಾಡಿಕೊಡುತ್ತೇವೆಂದು ಹೇಳಿ, ಹೇಳಿದಂತೆ ನಡೆದುಕೊಂಡರೆ ಆ ಸುದ್ದಿಯನ್ನು ಮಕ್ಕಳೇ ತರಗತಿಯಲ್ಲೆಲ್ಲ ಹಬ್ಬಿಸುತ್ತಾರೆ. ರಾಜ್ಯ ಸರ್ಕಾರ 2019ರಲ್ಲಿ 9 ಮತ್ತು 10ನೆಯ ತರಗತಿಯವರ ಬ್ಯಾಗಿನ ಭಾರವನ್ನು 4ರಿಂದ 5 ಕಿಲೋಗೆ ಮಿತಿಗೊಳಿಸಿದೆ. ಆದ್ದರಿಂದ ಖಾಲಿ ಬ್ಯಾಗಿನ ತೂಕವನ್ನು ಚೀಟಿಯಲ್ಲಿ ಬರೆದರೆ ಪೋಷಕರಿಗೂ ಒಪ್ಪಿಗೆಯಾದೀತು.

ಉತ್ತರ – ಗ್ರಾಹಕ ವೇದಿಕೆಯ ಕಾರ್ಯಕರ್ತ, ಮೈಸೂರು

ಒಂದು ವಿಷಯ ಸೇರಿಸುತ್ತೇನೆ. ಹಳೆಯ ಬ್ಯಾಗು ತಂದವನನ್ನು ಗೆಳೆಯರು ಗೇಲಿ ಮಾಡುವಂತೆ ರೀಲ್ಸ್ ಮಾಡಿಸಬೇಡಿ. ವಸ್ತು ಕೊಳ್ಳದಿದ್ದರೆ ಮಗು ಅಪಹಾಸ್ಯಕ್ಕೆ ಗುರಿಯಾಗುತ್ತದೆಂದು ಸೂಚಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯಲ್ಲಿ ಅವಕಾಶವಿಲ್ಲ. ಹೊಸ ಬ್ಯಾಗು ಕೊಡಿಸಲಾಗದ ಮನೆಯ ಮಕ್ಕಳೂ ಅದೇ ರೀಲ್ಸ್ ನೋಡುತ್ತಾರೆ, ಸರ್.