ಐದನೇ ಕ್ಲಾಸಿನ ಮಗಳು ಮಾಯಾಲೋಕದ ಪುಸ್ತಕ ತಂದಿದ್ದಾಳೆ: ಓದಿಸೋದಾ, ವಾಪಸ್ ಕೊಡಿಸೋದಾ?

ಬಿ.ಎಚ್. ರಸ್ತೆ, ತುಮಕೂರು

ಎಲ್ಲರಿಗೂ ವಂದನೆ. ಮಗಳಿಗೆ ಹತ್ತು ವರ್ಷ. ಶಾಲೆಯ ಲೈಬ್ರರಿ ಪೀರಿಯಡ್‌ನಲ್ಲಿ ಹ್ಯಾರಿ ಪಾಟರ್ ಮೊದಲನೇ ಭಾಗ ತಂದಿದ್ದಾಳೆ. ಎರಡು, ಮೂರನೇದು ಅದೇ ಶೆಲ್ಫಲ್ಲಿವೆ, ನಾಲ್ಕನೇದು ಗೆಳತಿ ಮನೇಲಿದೆ. ಅಂದ್ರೆ ಇದು ಒಂದಕ್ಕೆ ನಿಲ್ಲೋ ವಿಷಯ ಅಲ್ಲ. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಸತ್ಯವೇದದ (ಬೈಬಲಿನ) ಧರ್ಮೋಪದೇಶಕಾಂಡ 18ನೇ ಅಧ್ಯಾಯ ತೋರಿಸಿ "ಮನೇಲಿ ಇಡಲೇಬೇಡಿ, ಸುಟ್ಟುಹಾಕಿ" ಅಂದ್ರು. ನಮ್ಮ ಯಜಮಾನ್ರು "ನಾರ್ನಿಯಾ ಕಥೆಸರಣಿ ಆದ್ರೆ ಓದ್ಲಿ, ಬರೆದ ಸಿ.ಎಸ್. ಲೂಯಿಸ್ ಕ್ರೈಸ್ತ ವಿಶ್ವಾಸಿ" ಅಂತಾರೆ. ಅದರಲ್ಲೂ ಮಾಟಗಾತಿ ಇದ್ದಾಳಲ್ಲ? ಕನ್ನಡದಲ್ಲಿ ಕಿಂದರಿಜೋಗಿ ಪದ್ಯ ಬಾಯಿಪಾಠ ಮಾಡಿಸಿದ್ದೂ ನಾವೇ.

ಯಾವುದು ಸರಿ, ಯಾವುದು ಬೇಡ ಅಂತ ನೋಡೋ ಕ್ರಮ ಹೇಗೆ? ಶಾಲೆಗೆ ಜಗಳ ಆಗದ ಹಾಗೆ ಹೇಗೆ ಹೇಳೋದು? ಪ್ರಾರ್ಥನೆ ಮಾಡಿ ಅಂತ ಮಾತ್ರ ಬರೀಬೇಡಿ, ಅದು ನಡೀತಾ ಇದೆ.

ಭಾನುವಾರದ ಶಾಲೆ, ಕೋಲಾರ

ಸಿಸ್ಟರ್, ಆ ಅಧ್ಯಾಯದ 9ರಿಂದ 14ನೇ ವಚನದವರೆಗೆ ಒಟ್ಟಿಗೆ ಓದಿ. ಅಲ್ಲಿ ಬೇಡ ಅಂದಿರೋದು ಇವು: ಮಕ್ಕಳನ್ನ ಬೆಂಕಿಗೆ ಕೊಡೋದು, ಕಣಿ ಹೇಳೋದು, ಶಕುನ ನೋಡೋದು, ಮಾಟ ಮಾಡೋದು, ಸತ್ತವರ ಹತ್ತಿರ ವಿಚಾರಿಸೋದು. ಇವೆಲ್ಲ ಜನ ಕೈಯಾರೆ ಮಾಡೋ ಕೆಲಸಗಳು. ಕಾರಣ ಇರೋದು 15ರಲ್ಲಿ: ದೇವರು ನಿಮ್ಮೊಳಗಿಂದಲೇ ಒಬ್ಬ ಪ್ರವಾದಿಯನ್ನ ಎಬ್ಬಿಸ್ತಾನೆ, ಅವನ ಮಾತು ಕೇಳಿ. ಕಷ್ಟ ಬಂದಾಗ ಯಾರ ಬಾಗಿಲು ತಟ್ಟುತ್ತೀರಿ ಅನ್ನೋದೇ ಅಲ್ಲಿನ ಪ್ರಶ್ನೆ. ಮಾಟ ಮಾಡೋದಕ್ಕೂ ಮಾಟಗಾರನ ಕಥೆ ಕೇಳೋದಕ್ಕೂ ನಡುವೆ ಗೆರೆ ಇಲ್ಲ ಅಂದ್ರೆ, ಅರಸ ಸೌಲ ರಾತ್ರಿ ಹೊತ್ತು ವೇಷ ಮರೆಸ್ಕೊಂಡು ಏಂದೋರ್ ಊರಿಗೆ, ಸತ್ತವರನ್ನ ಕರೆಸೋ ಹೆಂಗಸಿನ ಹತ್ತಿರ ಹೋಗಿದ್ದನ್ನ (1 ಸಮುವೇಲ 28) ಮಕ್ಕಳಿಗೆ ಹೇಳೋ ಹಾಗೇ ಇರಲಿಲ್ಲ. ಅದೆಷ್ಟು ಬಿಡಿಬಿಡಿಯಾಗಿ ಬರೆದಿದೆ ನೋಡಿ: ಆ ಹೆಂಗಸು ಹೆದರಿ ಕೂಗ್ತಾಳೆ, ಸೌಲ ನೆಲಕ್ಕೆ ಬೀಳ್ತಾನೆ, ಕೊನೆಗೆ ಅವಳೇ ಕೊಬ್ಬಿದ ಕರು ಕಡಿದು, ಹಿಟ್ಟು ನಾದಿ, ರೊಟ್ಟಿ ಸುಟ್ಟು ಬಡಿಸ್ತಾಳೆ. ಆದರೆ ಸತ್ತವನನ್ನ ಕರೆಯೋ ವಿಧಾನದ ಬಗ್ಗೆ ಒಂದು ಮಾತೂ ಇಲ್ಲ. ಕಥೆಗೂ ಕೈಪಿಡಿಗೂ ಇರೋ ವ್ಯತ್ಯಾಸ ಅಲ್ಲೇ ಇದೆ.

ಸುಡಿ ಅನ್ನೋರ ಮನಸ್ಸಲ್ಲಿರೋದು ಅಪೊಸ್ತಲರ ಕೃತ್ಯಗಳು 19:19. ಎಫೆಸ ಪಟ್ಟಣದವರು ಸುಟ್ಟ ಪುಸ್ತಕಗಳ ಬೆಲೆ ಐವತ್ತು ಸಾವಿರ ಬೆಳ್ಳಿ ನಾಣ್ಯ. ಅವು ಮಾಟವನ್ನೇ ಕಸುಬು ಮಾಡ್ಕೊಂಡಿದ್ದವರ ಮಂತ್ರದ ಪುಸ್ತಕಗಳು. ತಂದವರೂ ಅವರೇ, ಸುಟ್ಟವರೂ ಅವರೇ. ಶಾಲೆಯ ಪುಸ್ತಕ ನೀವು ಸುಟ್ಟರೆ ಫೈನ್ ಕಟ್ಟಬೇಕು, ಅಷ್ಟೇ ಲಾಭ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಇಂಗ್ಲಿಷಿನ ವಿಚ್, ವಿಜಾರ್ಡ್, ಮ್ಯಾಜಿಕ್, ಸ್ಪೆಲ್ ಎಲ್ಲವನ್ನೂ ಚರ್ಚಿನ ಪ್ರಸಂಗದಲ್ಲಿ "ಮಾಟಮಂತ್ರ" ಅಂತ ಒಂದೇ ಚೀಲಕ್ಕೆ ತುಂಬ್ತೀವಿ. ಕನ್ನಡದಲ್ಲಿ ಮಾಟ ಬೇರೆ, ಮಾಯೆ ಬೇರೆ, ಜಾದು ಬೇರೆ, ಇಂದ್ರಜಾಲ ಬೇರೆ, ಪವಾಡ ಬೇರೆ. ಕಿಂದರಿಜೋಗಿಯ ಕಿಂದರಿಗೆ ಇಲಿ ಹಿಂದೆ ಬಂದದ್ದನ್ನ ಯಾರೂ ಮಾಟ ಅನ್ನಲ್ಲ. ಮಗುವಿಗೆ ಈ ಐದು ಪದ ಬೇರೆಬೇರೆಯಾಗಿ ಕಲಿಸಿ, ಅರ್ಧ ಕೆಲಸ ಮುಗೀತು. ಕ್ರಿಸ್ಮಸ್ ನಾಟಕದಲ್ಲಿ ಕಿರೀಟ ಇಟ್ಟು ನಿಲ್ಲಿಸೋ ಮೂಡಣ ದೇಶದ ಮೂವರು ಯಾರು ಅಂತ ಕೇಳಿ ನೋಡಿ. ಸತ್ಯವೇದದಲ್ಲಿ ಅವರು ಜೋಯಿಸರು. ಬಾಬೆಲಿಗೆ ಸೆರೆಹೋದ ದಾನಿಯೇಲನೂ ಅಲ್ಲಿನ ಕಸ್ದೀಯರ ವಿದ್ಯೆ, ಭಾಷೆ ಎರಡನ್ನೂ ಕಲಿತ. ಬೇಡ ಅಂದಿದ್ದು ರಾಜನ ಊಟವನ್ನ.

ಕಪಾಟಿನ ಬೀಗದಕೈ, ಚಿಕ್ಕಬಳ್ಳಾಪುರ

ವಚನದ ಮಾತು ಮೇಲಿನವರು ಹೇಳಿದ್ರು, ನಾನು ಪುಸ್ತಕದ ಮಾತು ಹೇಳ್ತೀನಿ.

ಬೆನ್ನುಪುಟ ಓದಿ ತೀರ್ಮಾನ ಮಾಡಬೇಡಿ, ಅದು ಮಾರೋಕೆ ಬರೆದದ್ದು. ಇನ್ನೂರು ಪುಟದ ಪುಸ್ತಕಕ್ಕೆ ಮುಕ್ಕಾಲು ಗಂಟೆ ಸಾಕು. ಮೊದಲನೇ ಅಧ್ಯಾಯ, ಮಾಯಾಶಕ್ತಿ ಮೊದಲ ಸಲ ಬಳಕೆಯಾಗೋ ಅಧ್ಯಾಯ, ಕೊನೆಯ ಎರಡು ಅಧ್ಯಾಯ. ಓದ್ತಾ ಓದ್ತಾ ಚೀಟಿಯಲ್ಲಿ ಪುಟದ ನಂಬರ್ ಸಮೇತ ಬರ್ಕೊಳ್ಳಿ: ಶಕ್ತಿ ಎಲ್ಲಿಂದ ಬಂತು? ಹುಟ್ಟಿನಿಂದಲಾ, ಯಾರೋ ಕೊಟ್ಟದ್ದಾ, ಯಾವುದೋ ಆತ್ಮವನ್ನ ಕರೆದು ಬೇಡಿದ್ದಾ? ಅದನ್ನ ಬಳಸಿ ತಪ್ಪು ಮಾಡಿದವನಿಗೆ ಬೆಲೆ ತೆರಬೇಕಾಯ್ತಾ? ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ, ಮಗು ಅದನ್ನ ಮನೇಲಿರೋ ಸಾಮಾನಲ್ಲೇ ಮಾಡಿ ನೋಡಬಹುದಾ?

ಹೆಚ್ಚಿನವರು ಎಡವೋದು ಈ ಕೊನೇದರಲ್ಲಿ. ದಪ್ಪ ಕಾದಂಬರಿ ಮೇಲೆ ಟೋಪಿ, ಪೊರಕೆ ಚಿತ್ರ ಇದ್ದರೆ ಹೌಹಾರ್ತಾರೆ. ಪಕ್ಕದಲ್ಲೇ ಮಿನುಗೋ ರಟ್ಟಿನ ತೆಳ್ಳಗಿನ ಪುಸ್ತಕ ಇರುತ್ತೆ: ನಿನ್ನ ರಾಶಿ, ನಿನ್ನ ಅದೃಷ್ಟದ ಕಲ್ಲು, ಭವಿಷ್ಯ ಹೇಳೋ ಟ್ಯಾರೋ ಕಾರ್ಡ್, ಮೇಣದಬತ್ತಿ ಹಚ್ಚಿ ಕನ್ನಡಿ ಮುಂದೆ ಹೆಸರು ಕರೆ. "ಆಕ್ಟಿವಿಟಿ ಬುಕ್" ಅಂತ ಅದು ಸಲೀಸಾಗಿ ಮನೆಗೆ ಬರುತ್ತೆ. ಧರ್ಮೋಪದೇಶಕಾಂಡದ ಪಟ್ಟಿಗೆ ನೇರವಾಗಿ ಸಿಗೋದು ಅದೇ. ಅದನ್ನ ಅನುಮಾನವೇ ಇಲ್ಲದೆ ವಾಪಸ್ ಕಳಿಸಿ.

ಈಗ ನಿಮ್ಮ ಪುಸ್ತಕ. ಈ ಸರಣಿ 1997ರಿಂದ 2007ರವರೆಗೆ ಏಳು ಭಾಗ. ಲಂಡನ್ ಮುದ್ರಣದಲ್ಲಿ ಮೊದಲನೇದು 223 ಪುಟ, ಐದನೇದು 766. ದಪ್ಪದ ಜೊತೆ ಕತ್ತಲೂ ಹೆಚ್ಚುತ್ತೆ. ಇದರ ಮಂತ್ರಗಳು ಹೆಚ್ಚಾಗಿ ಲ್ಯಾಟಿನ್ ಥರ ಕೇಳಿಸೋ ಕಟ್ಟಿದ ಪದಗಳು. ಶಕ್ತಿ ಹುಟ್ಟಿನಿಂದ ಬಂದದ್ದು, ಆತ್ಮವನ್ನ ಕರೆದು ಪಡೆದದ್ದಲ್ಲ. ಮೊದಲನೇದರಲ್ಲಿ ಹತ್ತು ವರ್ಷದವರು ಹೆದರೋದು 15ನೇ ಅಧ್ಯಾಯದ ಕಾಡು ಮತ್ತೆ ಕೊನೇ ಅಧ್ಯಾಯ, ಅವೆರಡನ್ನ ಜೊತೇಲಿ ಕೂತು ಓದಿ. ಮಗುವನ್ನ ಕೊನೆಗೆ ಕಾಪಾಡೋದು ತಾಯಿ ಪ್ರಾಣ ಕೊಟ್ಟ ಪ್ರೀತಿ, ಅಲ್ಲಿ ಮಾತಾಡೋಕೆ ಬೇಕಾದಷ್ಟಿದೆ. ಎರಡನೇದರಲ್ಲಿ ಒಂದು ಡೈರಿ ಇದೆ. ಬರೆದರೆ ಉತ್ತರ ಬರೆಯುತ್ತೆ, ನಿಧಾನಕ್ಕೆ ಹುಡುಗಿಯನ್ನೇ ಹಿಡ್ಕೊಳ್ಳುತ್ತೆ. ಮೊಬೈಲಲ್ಲಿ ಗುರುತಿಲ್ಲದವರ ಜೊತೆ ಚಾಟ್ ಮಾಡೋ ಅಪಾಯ ವಿವರಿಸೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ. ಮೂರನೇದರಲ್ಲಿ ಭವಿಷ್ಯ ಹೇಳೋ ತರಗತಿ ಇದೆ, ಚಹಾ ಸೊಪ್ಪು, ಸ್ಫಟಿಕದ ಗೋಲ. ಲೇಖಕಿ ಅದನ್ನ ಬಹುಪಾಲು ಗೇಲಿ ಮಾಡ್ತಾರೆ, ಆದರೆ ಒಂದು ಭವಿಷ್ಯ ನಿಜವಾಗುತ್ತೆ. ಕಣಿಯ ವಿಷಯ ಅಲ್ಲೇ ಎತ್ತಿ ಮಾತಾಡಿ.

ಮೂರಕ್ಕೆ ನಿಲ್ಲಿಸಿ, ನಾಲ್ಕನೇದು (2000) ಈಗ ಬೇಡ. ಅದರ ಕೊನೆಕೊನೆಗೆ ಬರೋ ಸ್ಮಶಾನದಲ್ಲಿ ಒಬ್ಬ ಹುಡುಗ ಸಾಯ್ತಾನೆ. ಆಮೇಲೆ ತಂದೆಯ ಮೂಳೆ, ಸೇವಕನ ಮಾಂಸ, ಶತ್ರುವಿನ ರಕ್ತ ಹಾಕಿ ಒಂದು ಕ್ರಿಯೆ ನಡೆಯುತ್ತೆ. ಹತ್ತಕ್ಕೆ ಬೇಡ, ಹನ್ನೆರಡು ಹದಿಮೂರಾಗಲಿ. ಗೆಳತಿ ತಾಯಿಗೆ ಇದೊಂದನ್ನ ಫೋನ್ ಮಾಡಿ ಹೇಳಿಬಿಡಿ.

ನಾರ್ನಿಯಾ (1950ರಿಂದ 56, ಇದೂ ಏಳು) ಬರೆದವರು ವಿಶ್ವಾಸಿ ಅನ್ನೋದು ನಿಜ, ಆದರೆ ಅದೊಂದೇ ಸಾಲದು. ಮೊದಲನೇದರಲ್ಲಿ ಬಿಳಿ ಮಾಟಗಾತಿ ಹುಡುಗನಿಗೆ ಸಿಹಿತಿಂಡಿ ಕೊಡ್ತಾಳೆ. ತಿಂದಷ್ಟೂ ಬೇಕು ಅನ್ನಿಸಿ, ಅವನು ಅಣ್ಣ, ಅಕ್ಕ, ತಂಗಿಯನ್ನೇ ಅವಳ ಕೈಗೆ ಒಪ್ಪಿಸೋಕೆ ಹೊರಡ್ತಾನೆ. ಶೋಧನೆ (ಆಮಿಷ ತೋರಿಸಿ ಪಾಪಕ್ಕೆ ಸೆಳೆಯೋದು) ಅಂದ್ರೆ ಏನು ಅಂತ ಹೇಳೋಕೆ ಆ ಡಬ್ಬಿಯೊಂದೇ ಸಾಕು. ಎರಡನೇ ಪುಸ್ತಕದ 12ನೇ ಅಧ್ಯಾಯದಲ್ಲಿ ಮಾತ್ರ ಸತ್ತ ಮಾಟಗಾತಿಯನ್ನ ಮತ್ತೆ ಕರೆಸೋಣ ಅನ್ನೋ ಮಾತು ಬರುತ್ತೆ, ಹ್ಯಾರಿ ಪಾಟರ್ ಮೊದಲನೇ ಭಾಗಕ್ಕಿಂತ ಇದು ಏಂದೋರಿಗೆ ಹತ್ತಿರ. ಕರೆಯೋರು ಕೆಟ್ಟವರು, ಅದು ನಡೆಯೋದೂ ಇಲ್ಲ. ಲೇಖಕರ ಹೆಸರು ನೋಡಿ ಬಿಟ್ಟರೆ ಇಂಥ ಪುಟ ಕಣ್ಣಿಗೆ ಬೀಳಲ್ಲ ಅಂತ ಹೇಳಿದೆ.

ಓದೋ ಹೊತ್ತು: ಸಂಜೆ ಏಳರೊಳಗೆ ಇಪ್ಪತ್ತು ನಿಮಿಷ. ಅಧ್ಯಾಯದ ಕೊನೆಗೆ ನಿಲ್ಲಿಸಬೇಡಿ, ಲೇಖಕರು ಅಲ್ಲೇ ಎದೆ ಝಲ್ ಅನ್ನಿಸೋ ಸಾಲು ಇಟ್ಟಿರ್ತಾರೆ. ಅದಕ್ಕೆ ಎರಡು ಪುಟ ಮೊದಲೇ ನಿಲ್ಲಿಸಿ.

ಪಾವಗಡ ಸೀಮೆ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ, ಆದರೆ ಒಪ್ಪೋಕೆ ಆಗ್ತಿಲ್ಲ. ಲಂಡನ್ನಿನ ಮಗುವಿಗೆ ವಿಚ್ ಅಂದ್ರೆ ಬಾಡಿಗೆ ವೇಷ. ನಮ್ಮ ಕಡೆ ಮಗು ಶಾಲೆಗೆ ಹೋಗೋ ದಾರಿಯಲ್ಲಿ ಮೂರು ದಾರಿ ಕೂಡೋ ಕಡೆ ಕುಂಕುಮ ಹಚ್ಚಿದ ನಿಂಬೆಹಣ್ಣು ದಾಟ್ಕೊಂಡು ಹೋಗುತ್ತೆ. ಅಮಾವಾಸ್ಯೆಗೆ ಅಂಗಡಿ ಮುಂದೆ ಕುಂಬಳಕಾಯಿ ಒಡೀತಾರೆ. ಈ ರಾಜ್ಯದಲ್ಲಿ ವಾಮಾಚಾರ ತಡೆಯೋಕೆ 2017ರಲ್ಲಿ ಕಾಯಿದೆಯನ್ನೇ ಮಾಡಬೇಕಾಯ್ತು. ಇಲ್ಲಿ "ಅದೆಲ್ಲ ಬರೀ ಕಥೆ" ಅನ್ನೋ ಮಾತು ಮಗುವಿನ ಕಿವಿಗೆ ಅರ್ಧ ಮಾತ್ರ ಹೋಗುತ್ತೆ.

ಹೊಸದಾಗಿ ವಿಶ್ವಾಸಕ್ಕೆ ಬಂದ ಮನೆಗಳನ್ನ ನೆನಪಿಟ್ಕೊಳ್ಳಿ. ತಾಯಿತ ಬಿಚ್ಚಿ ಎರಡು ವರ್ಷ ಆಗಿರಲ್ಲ, ಅಜ್ಜಿ ಇನ್ನೂ ದೃಷ್ಟಿ ತೆಗೀತಿರ್ತಾಳೆ. 1 ಕೊರಿಂಥ 8ರಲ್ಲಿ ಪೌಲ ಹೇಳಿದ್ದು ಇಂಥವರಿಗೇ: ವಿಗ್ರಹ ಏನೂ ಅಲ್ಲ ಅಂತ ನಿನಗೆ ಗೊತ್ತಿರಬಹುದು, ಎಲ್ಲರಿಗೂ ಗೊತ್ತಿಲ್ಲ. ಅವರ ಮಕ್ಕಳು ಬರೋ ಸಂಡೇ ಸ್ಕೂಲಲ್ಲಿ, ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ) ನಾಟಕದಲ್ಲಿ ಇದನ್ನ ತರಬೇಡಿ. ನಿಮ್ಮ ಮನೆಯ ಕಪಾಟು ನಿಮಗೆ ಬಿಟ್ಟದ್ದು.

ಇನ್ನೊಂದು, ಓದಿಸೋರು ಮರೆಯೋದು. ಮಾಟಗಾತಿ ಅನ್ನೋ ಪದ ಕಲಿತ ಮಗು ಅದನ್ನ ಯಾರ ಮೇಲೆ ಹಾಕುತ್ತೆ? ಬೀದಿಕೊನೆಯಲ್ಲಿ ಒಬ್ಬಳೇ ಇರೋ ಮುದುಕಿ ಮೇಲೆ. ಒಂದು ಸಲ ಬಾಯಲ್ಲಿ ಬಂದರೂ ಅವತ್ತೇ ತಡೀರಿ. ಊರಲ್ಲಿ ಆ ಮಾತು ತಮಾಷೆಯಾಗಿ ಉಳಿಯಲ್ಲ.

ಭಾನುವಾರದ ಶಾಲೆ, ಕೋಲಾರ

ಬ್ರದರ್, ಕೊನೆಯ ಮಾತು ನಾನು ಬರೀಬೇಕಿತ್ತು. ವಿ.ಬಿ.ಎಸ್. ವಿಷಯಕ್ಕೂ ಒಪ್ಪಿಗೆ. ಮನೆಯ ಓದಿನ ಬಗ್ಗೆ ನನ್ನ ಮಾತು ಹಾಗೇ ಇರಲಿ: ನಿಂಬೆಹಣ್ಣು ದಾಟೋ ಮಗುವಿಗೇ ಅದರ ಭಯ ಹೋಗಬೇಕು, ಮುಚ್ಚಿಟ್ಟರೆ ಹೋಗಲ್ಲ.

ಬಿ.ಎಚ್. ರಸ್ತೆ, ತುಮಕೂರು

ತುಂಬಾ ಉಪಕಾರ. ಇನ್ನೊಂದು ಸಂಗತಿ. ಕ್ಲಾಸಲ್ಲಿ ಮಕ್ಕಳು ಎರಡು ಪೆನ್ಸಿಲ್ ಅಡ್ಡ ಇಟ್ಟು ಚಾರ್ಲಿ ಅನ್ನೋ ಆತ್ಮವನ್ನ ಕರೀತಾರಂತೆ, ಕಾಸಿನ ಆಟವೂ ಇದೆಯಂತೆ. ಇದೂ ಬರೀ ಆಟ ಅಂತ ಬಿಡೋದಾ?

ಮೇಷ್ಟ್ರು, ಗೌರಿಬಿದನೂರು

ಬಿಡಬೇಡಿ. ಹೆದರಿಸಲೂಬೇಡಿ. ನಿಮ್ಮ ವಚನದ ಲೆಕ್ಕದಲ್ಲೂ ಪುಸ್ತಕಕ್ಕಿಂತ ಗಂಭೀರವಾದದ್ದು ಇದೇ, ಇಲ್ಲಿ ಮಗು ಓದ್ತಿಲ್ಲ, ಕೇಳ್ತಿದೆ. ವಿಜ್ಞಾನದ ಲೆಕ್ಕದಲ್ಲಿ ಐದು ನಿಮಿಷದ ಕೆಲಸ. ಪವಾಡಗಳನ್ನ ಪರೀಕ್ಷೆ ಮಾಡೋಕೆ 1976ರಲ್ಲಿ ಸಮಿತಿ ಮಾಡಿದ ಎಚ್. ನರಸಿಂಹಯ್ಯನವರ ತಾಲ್ಲೂಕಿನವನು, ಅಷ್ಟೂ ಹೇಳದಿದ್ರೆ ಹೇಗೆ.

ಪೆನ್ಸಿಲ್ ಆಟ 2015ರಲ್ಲಿ ಇಂಟರ್‌ನೆಟ್ಟಲ್ಲಿ ಹರಡಿದ್ದು. ಕೆಳಗಿನ ಪೆನ್ಸಿಲ್ ಮೇಲೆ ಇನ್ನೊಂದು ಅಡ್ಡ ಕೂತಾಗ ತೂಕವೆಲ್ಲ ಒಂದೇ ಬಿಂದುವಿನ ಮೇಲೆ, ತಡೆಯೋ ಘರ್ಷಣೆ ತೀರಾ ಕಡಿಮೆ. ಸುತ್ತ ಬಗ್ಗಿ ನಿಂತ ಆರು ಮಕ್ಕಳು ಹೆಸರು ಕೂಗಿದಾಗ ಬರೋ ಉಸಿರೇ ತಿರುಗಿಸೋಕೆ ಸಾಕು. ಮನೇಲಿ ಮಾಡಿ ತೋರಿಸಿ, ಆದರೆ ಯಾರನ್ನೂ ಕರೀಬೇಡಿ, "ಒಂದು ಎರಡು ಮೂರು" ಅಂತ ಎಣಿಸಿ. ಅದಕ್ಕೂ ತಿರುಗುತ್ತೆ. ಆಮೇಲೆ ಪಾರದರ್ಶಕ ಡಬ್ಬಿಯೊಂದನ್ನ ಬೋರಲು ಹಾಕಿ ಮತ್ತೆ ಎಣಿಸಿ. ಟೇಬಲ್ ಅಲ್ಲಾಡದಿದ್ದರೆ ಅಲ್ಲೇ ನಿಲ್ಲುತ್ತೆ.

ಕಾಸಿನ ಆಟದಲ್ಲಿ ಅಕ್ಷರ ಬರೆದ ಹಾಳೆ ಮೇಲೆ ಕಾಸಿಟ್ಟು, ಅದರ ಮೇಲೆ ನಾಲ್ಕು ಜನ ಬೆರಳಿಡ್ತಾರೆ. ಯಾರೂ ಬೇಕಂತ ತಳ್ಳಲ್ಲ, ಆದರೆ ನಿರೀಕ್ಷೆ ಮಾಡಿದ ಕಡೆಗೆ ಸ್ನಾಯು ತಾನಾಗಿ ಒತ್ತುತ್ತೆ, ತಾನು ಒತ್ತಿದ್ದು ಅಂತ ಅವರಿಗೇ ಗೊತ್ತಾಗಲ್ಲ. ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿ, ಅವರಿಗೆ ಹೇಳದೆ ಹಾಳೆಯನ್ನ ಅರ್ಧ ಸುತ್ತು ತಿರುಗಿಸಿ. ಉತ್ತರ ಅಡ್ಡಾದಿಡ್ಡಿ ಆಗುತ್ತೆ. ಆತ್ಮಕ್ಕೆ ಕಣ್ಣಿಗೆ ಬಟ್ಟೆ ಯಾರು ಕಟ್ಟಿದ್ರು ಅಂತ ಮಗಳನ್ನೇ ಕೇಳಿ.

ಕಪಾಟಿನ ಬೀಗದಕೈ, ಚಿಕ್ಕಬಳ್ಳಾಪುರ

ಶಾಲೆಯ ಮಾತು ಉಳಿದಿತ್ತು. ಪುಸ್ತಕವನ್ನ ಲೈಬ್ರರಿಯಿಂದಲೇ ತೆಗೀರಿ ಅಂದ್ರೆ ಜಗಳ. ನಿಮ್ಮ ಮಗಳ ಕಾರ್ಡಿನ ಮಟ್ಟಿಗೆ ಕೇಳಿದ್ರೆ ಹೆಚ್ಚಿನ ಕಡೆ ಒಪ್ತಾರೆ. ಬಾಯಲ್ಲಿ ಹೇಳಿದ್ದು ಲೈಬ್ರರಿಯವರು ಬದಲಾದ ದಿನ ಮರೆತುಹೋಗುತ್ತೆ, ಚೀಟಿ ಕಾರ್ಡಿಗೆ ಪಿನ್ ಆಗಿರಲಿ. ಹೀಗೆ ಬರೀರಿ:

"ಮಾನ್ಯರೇ, ನಮ್ಮ ಮಗಳು, 5ನೇ ತರಗತಿ, ಈ ಸರಣಿಯ ಮೊದಲ ಮೂರು ಭಾಗ ಓದಲು ನಮ್ಮ ಒಪ್ಪಿಗೆ ಇದೆ. ನಾಲ್ಕನೇ ಭಾಗದಿಂದ ಮುಂದಿನವು, ಭವಿಷ್ಯ, ರಾಶಿ ಮತ್ತು ಟ್ಯಾರೋ ಪುಸ್ತಕಗಳನ್ನು ಸದ್ಯ ಅವಳ ಕಾರ್ಡಿಗೆ ಕೊಡಬೇಡಿ. ಬದಲಿಗೆ ಬೇರೆ ಯಾವುದೇ ಕಥೆ ಪುಸ್ತಕ ಕೊಡಬಹುದು. ಬೇರೆ ಮಕ್ಕಳ ಓದಿನ ಬಗ್ಗೆ ನಮ್ಮ ಬೇಡಿಕೆ ಏನೂ ಇಲ್ಲ."

ಕೆಳಗೆ ಇಬ್ಬರೂ ಸಹಿ ಹಾಕಿ. ಕೊಡೋ ಮೊದಲು ಮಗಳಿಗೆ ಓದಿ ಹೇಳಿ, ಇಲ್ಲದಿದ್ರೆ ಕಾರ್ಡಲ್ಲಿ ಬೇಡ ಅಂದದ್ದು ಗೆಳತಿ ಬ್ಯಾಗಲ್ಲಿ ಬರುತ್ತೆ.